ಬಾಗಿಲಲ್ಲಿ ನಿಂತ ಇನಿಯ: ಪರಮಗೀತೆಯನ್ನು ದೇವರ ಪ್ರೀತಿಯ ಹಾಡಾಗಿ ಓದುವುದು ಹೇಗೆ?

ರಾತ್ರಿ. ಹೆಣ್ಣೊಬ್ಬಳು ಮಲಗಿದ್ದಾಳೆ. ಕಣ್ಣು ಮುಚ್ಚಿದೆ, ಮನಸ್ಸು ಮಾತ್ರ ಎಚ್ಚರವಾಗಿದೆ. ಬಾಗಿಲು ತಟ್ಟಿದ ಸದ್ದು ಕೇಳುತ್ತದೆ. ಹೊರಗೆ ಅವಳ ಇನಿಯ ನಿಂತಿದ್ದಾನೆ. ಬಾಗಿಲು ತೆಗಿ, ತಲೆಯೆಲ್ಲ ಇಬ್ಬನಿಯಲ್ಲಿ ನೆನೆದಿದೆ ಅನ್ನುತ್ತಾನೆ. ಅವಳು ಹಾಸಿಗೆಯಿಂದಲೇ ಉತ್ತರ ಕೊಡುತ್ತಾಳೆ: ಬಟ್ಟೆ ಕಳಚಿಟ್ಟು ಮಲಗಿದ್ದೇನೆ, ಮತ್ತೆ ಉಟ್ಟುಕೊಳ್ಳಲಾ? ಕಾಲು ತೊಳೆದುಕೊಂಡಿದ್ದೇನೆ, ಮತ್ತೆ ಮಣ್ಣು ಮಾಡಿಕೊಳ್ಳಲಾ?

ಕೊನೆಗೆ ಮನಸ್ಸು ತಡೆಯದೆ ಏಳುತ್ತಾಳೆ. ಚಿಲಕ ತೆಗೆಯುತ್ತಾಳೆ. ಅಷ್ಟರಲ್ಲಿ ಅವನು ಹೋಗಿಬಿಟ್ಟಿದ್ದಾನೆ.

ಇದು ಇರುವುದು ಬೈಬಲಿನಲ್ಲಿ, ಪರಮಗೀತೆಯ ಐದನೇ ಅಧ್ಯಾಯದಲ್ಲಿ. ಪರಮಗೀತೆ ಎಂಟೇ ಅಧ್ಯಾಯಗಳ, 117 ವಚನಗಳ ಪುಟ್ಟ ಪುಸ್ತಕ. ಮೊದಲಿಂದ ಕೊನೆಯವರೆಗೆ ಒಂದು ಗಂಡು, ಒಂದು ಹೆಣ್ಣು, ಅವರ ಪ್ರೀತಿ. ಆಜ್ಞೆಗಳಿಲ್ಲ, ಬಲಿಪೀಠವಿಲ್ಲ, ಪ್ರಾರ್ಥನೆಯೂ ಇಲ್ಲ. ದೇವರ ಹೆಸರು ಕೂಡ ನೇರವಾಗಿ ಬರುವುದಿಲ್ಲ. ಎಂಟನೇ ಅಧ್ಯಾಯದಲ್ಲಿ ಪ್ರೀತಿಯನ್ನು ಬೆಂಕಿಗೆ ಹೋಲಿಸುವ ಕಡೆ ಒಂದು ಹೀಬ್ರೂ ಪದವಿದೆ. ಅದರ ಬಾಲದಲ್ಲಿ ಮಾತ್ರ 'ಯಾಹ್' ಎಂಬ ಅಕ್ಷರಗಳಿವೆ. ಯೆಹೋವ ಎಂಬ ಹೆಸರಿನ ಚಿಕ್ಕ ರೂಪ ಅದು. ಆ ಪದವನ್ನು 'ಧಗಧಗ ಉರಿಯುವ ಜ್ವಾಲೆ' ಅಂತಲೂ ಓದಬಹುದು, 'ಯೆಹೋವನ ಜ್ವಾಲೆ' ಅಂತಲೂ ಓದಬಹುದು.

ಹದಿನಾರನೇ ವಯಸ್ಸಿನಲ್ಲಿ ನಮ್ಮ ಸಭೆಯ, ಅಂದರೆ ಚರ್ಚಿನ, ಯುವಕರ ಕೂಟದಲ್ಲಿ ನಾನು ಈ ಪುಸ್ತಕದ ಬಗ್ಗೆ ಕೇಳಿದ್ದೆ. ಹಿರಿಯರೊಬ್ಬರು 'ಅದನ್ನ ಮದುವೆ ಆದಮೇಲೆ ಓದಪ್ಪ' ಅಂದರು. ಇನ್ನೊಬ್ಬರು 'ಅದು ಕ್ರಿಸ್ತ ಮತ್ತು ಸಭೆಯ ವಿಷಯ, ಅಷ್ಟೇ' ಅಂದರು. ಎರಡೂ ಉತ್ತರ ನನಗೆ ಸಾಲಲಿಲ್ಲ. ಗಂಡ ಹೆಂಡಿರ ಪ್ರೀತಿಯ ಹಾಡೇ ಆಗಿದ್ದರೆ ದೇವರ ವಾಕ್ಯದೊಳಗೆ ಯಾಕೆ ಬಂತು? ಕ್ರಿಸ್ತ ಮತ್ತು ಸಭೆಯ ವಿಷಯ ಮಾತ್ರ ಆಗಿದ್ದರೆ ಮುತ್ತು, ಕುತ್ತಿಗೆ, ಕೂದಲು ಇವೆಲ್ಲ ಯಾಕೆ ಬೇಕಿತ್ತು? ಇಷ್ಟು ವರ್ಷ ಓದಿದ ಮೇಲೆ ನನಗೆ ಸಿಕ್ಕ ಉತ್ತರವನ್ನು ಇಲ್ಲಿ ಹೇಳುತ್ತೇನೆ. ವಚನಗಳ ಸಾರವನ್ನು ನನ್ನ ಮಾತಿನಲ್ಲೇ ಕೊಡುತ್ತಿದ್ದೇನೆ.

ಮೊದಲು ಒಂದು ವಿಷಯ ತಿಳಿದುಕೊಳ್ಳಬೇಕು. ದೇವರು ಮತ್ತು ಆತನ ಜನರ ಸಂಬಂಧವನ್ನು ಮದುವೆಗೆ ಹೋಲಿಸುವ ರೂಢಿ ಪರಮಗೀತೆಯಿಂದ ಶುರುವಾದದ್ದಲ್ಲ. ಅದರ ಬೇರು ಪ್ರವಾದಿಗಳಲ್ಲಿದೆ. ಕ್ರಿಸ್ತಪೂರ್ವ 8ನೇ ಶತಮಾನದಲ್ಲಿ ಇಸ್ರಾಯೇಲಿನ ಉತ್ತರ ರಾಜ್ಯದಲ್ಲಿದ್ದ ಹೋಶೇಯನ ಕಥೆ ಗೊತ್ತಿರಬಹುದು. ಅವನ ಹೆಂಡತಿ ಗೋಮೆರಳು ಬೇರೆಯವರ ಹಿಂದೆ ಹೋಗುತ್ತಾಳೆ. ಮತ್ತೆ ಪ್ರೀತಿಸು ಎಂಬ ದೇವರ ಮಾತಿನಂತೆ ಹೋಶೇಯ 15 ಶೆಕೆಲ್ ಬೆಳ್ಳಿ ಮತ್ತು ಜವೆಗೋದಿ ಕೊಟ್ಟು ಹೆಂಡತಿಯನ್ನು ಬಿಡಿಸಿಕೊಂಡು ಬರುತ್ತಾನೆ. ಬೇರೆ ದೇವರುಗಳ ಬೆನ್ನು ಹತ್ತಿದ ಜನರ ಬಗ್ಗೆ ದೇವರಿಗಿದ್ದ ನೋವು ಅವನ ಮನೆಯೊಳಗೇ ನಡೆದುಹೋಯಿತು.

ಹೋಶೇಯನ ಎರಡನೇ ಅಧ್ಯಾಯದಲ್ಲಿ ಒಂದು ಮಾತಿದೆ. ಕನ್ನಡದವರಿಗೆ ಅದು ಬೇಗ ಅರ್ಥವಾಗುತ್ತದೆ. ನಮ್ಮಲ್ಲಿ ಗಂಡನನ್ನು 'ನಮ್ಮ ಯಜಮಾನ್ರು' ಅಂತಾರಲ್ವಾ? ಮನೆಗೂ ಯಜಮಾನ, ಹೆಂಡತಿಗೂ ಯಜಮಾನ. ಹೀಬ್ರೂ ಭಾಷೆಯಲ್ಲೂ ಹಾಗೇ ಇತ್ತು. 'ಬಾಳ್' ಅಂದರೆ ಒಡೆಯ. ಗಂಡನಿಗೂ ಅದೇ ಪದ. ಕಾನಾನಿನ ಜನ ಮಳೆ ಬೆಳೆಗಾಗಿ ಪೂಜಿಸುತ್ತಿದ್ದ ದೇವರಿಗೂ ಅದೇ ಹೆಸರು. ಅಲ್ಲಿ ದೇವರು ಹೇಳುತ್ತಾನೆ: ಆ ದಿನ ನೀನು ನನ್ನನ್ನು 'ನನ್ನ ಬಾಳ್' ಅನ್ನುವುದಿಲ್ಲ, 'ನನ್ನ ಈಶ್' ಅನ್ನುತ್ತೀ. ಈಶ್ ಅಂದರೆ ಸುಮ್ನೆ ಗಂಡು, ನನ್ನವನು. 'ಯಜಮಾನ್ರೇ' ಅನ್ನುವುದನ್ನು ಬಿಟ್ಟು 'ನನ್ನವನೇ' ಅನ್ನು ಎಂದು ದೇವರೇ ಕೇಳುತ್ತಿದ್ದಾನೆ. ಇದನ್ನು ಮೊದಲ ಸಲ ಗಮನಿಸಿದಾಗ ನಾನು ತುಂಬ ಹೊತ್ತು ಮುಂದಿನ ವಚನಕ್ಕೆ ಹೋಗಲಿಲ್ಲ.

ಅಲ್ಲಿಂದ ಈ ಚಿತ್ರ ಬೆಳೆಯುತ್ತಾ ಹೋಯಿತು. ಯೆರೆಮೀಯನಲ್ಲಿ ದೇವರು ತನ್ನ ಜನರಿಗೆ ಮದುವೆಯಾದ ಹೊಸದರ ದಿನಗಳನ್ನು ನೆನಪಿಸುತ್ತಾನೆ. ಮದುಮಗ ಮದುಮಗಳಲ್ಲಿ ಆನಂದಪಡುವ ಹಾಗೆ ದೇವರು ನಿನ್ನಲ್ಲಿ ಆನಂದಪಡುತ್ತಾನೆ ಎಂಬ ಮಾತು ಯೆಶಾಯನಲ್ಲಿದೆ. ಹೊಸ ಒಡಂಬಡಿಕೆಯಲ್ಲಿ ಸ್ನಾನಿಕನಾದ ಯೋಹಾನ ತನ್ನನ್ನು ಮದಲಿಂಗನ ಗೆಳೆಯ ಎಂದು ಕರೆದುಕೊಳ್ಳುತ್ತಾನೆ. ಮದಲಿಂಗ ಜೊತೆಯಲ್ಲಿರುವಾಗ ಉಪವಾಸ ಯಾಕೆ ಎಂದು ಯೇಸು ಕೇಳುತ್ತಾನೆ. ಪೌಲ ಎಫೆಸದವರಿಗೆ ಬರೆದ ಪತ್ರದಲ್ಲಿ ಗಂಡ ಹೆಂಡತಿ ಒಂದೇ ಶರೀರವಾಗುವ ಮಾತು ಹೇಳಿ, ಇದು ದೊಡ್ಡ ಗುಟ್ಟು, ನಾನು ಹೇಳುತ್ತಿರುವುದು ಕ್ರಿಸ್ತ ಮತ್ತು ಸಭೆಯ ಬಗ್ಗೆ ಅನ್ನುತ್ತಾನೆ. ಪ್ರಕಟನೆ ಪುಸ್ತಕದ ಕೊನೆಯಲ್ಲಿ ಹೊಸ ಯೆರೂಸಲೇಮು ಮದಲಗಿತ್ತಿಯಂತೆ ಸಿಂಗರಿಸಿಕೊಂಡು ಇಳಿದು ಬರುತ್ತದೆ. ಇಷ್ಟೆಲ್ಲ ಇದ್ದರೂ ಹೊಸ ಒಡಂಬಡಿಕೆ ಪರಮಗೀತೆಯ ಒಂದು ವಚನವನ್ನೂ ನೇರವಾಗಿ ಉಲ್ಲೇಖಿಸುವುದಿಲ್ಲ. ಚಿತ್ರ ಮೊದಲೇ ಇತ್ತು. ಅದು ಮನಸ್ಸಿನಲ್ಲಿದ್ದ ಜನ ಪರಮಗೀತೆಯನ್ನು ಕೈಗೆತ್ತಿಕೊಂಡಾಗ ಅಲ್ಲಿ ಆ ಮದುಮಗಳ ದನಿ ಕೇಳಿಸಿತು.

ಇಲ್ಲೇ ಒಂದು ಎಚ್ಚರಿಕೆ ಹೇಳಿಬಿಡುತ್ತೇನೆ. ದೇವರು ಗಂಡನ ಹಾಗೆ ಪ್ರೀತಿಸುತ್ತಾನೆ ಅನ್ನುವುದು ಬೇರೆ, ಗಂಡ ದೇವರ ಹಾಗೆ ಅನ್ನುವುದು ಬೇರೆ. 'ಪತಿಯೇ ದೈವ' ಎಂದು ಕೇಳಿಕೊಂಡು ಬೆಳೆದ ನಮಗೆ ಈ ಎರಡು ಬೇಗ ಕಲಸಿಹೋಗುತ್ತವೆ. ಹೋಶೇಯನ ಪುಸ್ತಕ ತೋರಿಸಿ ಹೆಂಡತಿಯನ್ನು ಹದ್ದುಬಸ್ತಿನಲ್ಲಿಡಲು ಹೊರಟವರನ್ನು ನಾನು ಕಂಡಿದ್ದೇನೆ. ಅದು ಓದುವ ರೀತಿಯೇ ಅಲ್ಲ. ಈ ಹೋಲಿಕೆಯಲ್ಲಿ ಗಂಡಸರೂ ಮದುಮಗಳ ಜಾಗದಲ್ಲೇ ನಿಲ್ಲಬೇಕು.

ಗಂಡಸು ದೇವರ ಮುಂದೆ ಮದುಮಗಳಾಗುವುದು ಬೇರೆ ಊರಿನ ಓದುಗರಿಗೆ ವಿಚಿತ್ರ ಅನ್ನಿಸಬಹುದು. ನಮಗೆ ಅಷ್ಟು ಹೊಸದಲ್ಲ. 12ನೇ ಶತಮಾನದ ಶರಣರು 'ಶರಣ ಸತಿ, ಲಿಂಗ ಪತಿ' ಅಂದರು. ಅಕ್ಕಮಹಾದೇವಿ ಚೆನ್ನಮಲ್ಲಿಕಾರ್ಜುನನನ್ನೇ ಗಂಡ ಅಂದಳು. ಕನ್ನಡದ ಕ್ರೈಸ್ತರ ಕಿವಿ ಈ ಭಾಷೆಗೆ ಮೊದಲೇ ಒಗ್ಗಿದೆ. ಆದರೆ ಎರಡೂ ಒಂದೇ ಅಂತ ಹೇಳಲು ನನಗೆ ಮನಸ್ಸಿಲ್ಲ. ಸಾಯುವ, ಕೆಡುವ ಗಂಡರನ್ನು ಅಕ್ಕ ದೂರ ತಳ್ಳುತ್ತಾಳೆ. ಪರಮಗೀತೆ ಮನುಷ್ಯರ ಪ್ರೀತಿಯನ್ನು ತಳ್ಳುವುದಿಲ್ಲ. ಅದನ್ನು ಹಿಡಿದುಕೊಂಡೇ ಹಾಡುತ್ತದೆ.

ಯೆಹೂದಿ ಗುರುಗಳು ಈ ಪುಸ್ತಕದ ಬಗ್ಗೆ ವಾದ ಮಾಡಿದ್ದರು. ಸುಮಾರು ಕ್ರಿಸ್ತಶಕ 135ರಲ್ಲಿ ತೀರಿಹೋದ ರಬ್ಬಿ ಅಕಿವಾ ಆ ವಾದದಲ್ಲಿ ಹೇಳಿದ ಮಾತು ಇವತ್ತಿಗೂ ಉಳಿದಿದೆ: ಪವಿತ್ರ ಬರಹಗಳೆಲ್ಲ ಪವಿತ್ರ, ಪರಮಗೀತೆಯೋ ಮಹಾಪವಿತ್ರ ಸ್ಥಳ. ಇದರಲ್ಲಿ ಭಾಷೆಯ ಒಂದು ಸೊಗಸಿದೆ. ಹೀಬ್ರೂ ಭಾಷೆಯಲ್ಲಿ ಪುಸ್ತಕದ ಹೆಸರು 'ಹಾಡುಗಳ ಹಾಡು'. ದೇವಾಲಯದ ಒಳಗಿನ ಕೋಣೆಯ ಹೆಸರು 'ಪವಿತ್ರಗಳ ಪವಿತ್ರ'. ಎರಡಕ್ಕೂ ಒಂದೇ ಅಚ್ಚು. ಇದೇ ಅಕಿವಾ, ಔತಣದ ಮನೆಗಳಲ್ಲಿ ಇದನ್ನು ಮೋಜಿನ ಪದವಾಗಿ ಹಾಡುವವರನ್ನು ಖಂಡಿಸಿದ್ದರು. ಹಾಗೆ ಹಾಡುವವರು ಆಗಲೂ ಇದ್ದರು ಅಂತಾಯಿತು. ಇಂದಿಗೂ ಹಲವು ಯೆಹೂದಿ ಸಮುದಾಯಗಳು ಪಸ್ಕಹಬ್ಬದ ಸಮಯದಲ್ಲಿ ಪರಮಗೀತೆಯನ್ನು ಓದುತ್ತವೆ. ಐಗುಪ್ತದಿಂದ ಬಿಡುಗಡೆಯಾದದ್ದನ್ನು ನೆನೆಯುವ ಹಬ್ಬದಲ್ಲಿ ಪ್ರೀತಿಯ ಹಾಡು.

ಕ್ರೈಸ್ತರಲ್ಲಿ ಈ ಓದಿಗೆ ದಾರಿ ಹಾಕಿದವರಲ್ಲಿ ದೊಡ್ಡವನು 3ನೇ ಶತಮಾನದ ಕ್ರೈಸ್ತ ವಿದ್ವಾಂಸ ಒರಿಗೆನ್. ಹತ್ತು ಸಂಪುಟಗಳ ವ್ಯಾಖ್ಯಾನ ಬರೆದ. ಹೆಚ್ಚಿನದು ಕಳೆದುಹೋಗಿದೆ. ಲ್ಯಾಟಿನ್ ಅನುವಾದದಲ್ಲಿ ಸ್ವಲ್ಪ ಉಳಿದಿದೆ. ಮದುಮಗಳು ಅಂದರೆ ಸಭೆ ಅಂತಲೂ ಹೇಳಿದ, ಒಬ್ಬೊಬ್ಬರ ಆತ್ಮ ಅಂತಲೂ ಹೇಳಿದ. ಬೇರೆ ಪುಸ್ತಕಗಳಲ್ಲಿ ಒರಿಗೆನ್ ಎಲ್ಲರನ್ನೂ ಮೀರಿಸಿದ, ಪರಮಗೀತೆಯಲ್ಲಿ ತನ್ನನ್ನೇ ಮೀರಿಸಿದ ಎಂದು ಬೈಬಲನ್ನು ಲ್ಯಾಟಿನ್ನಿಗೆ ತಂದ ಜೆರೋಮ್ ಹೊಗಳಿದ್ದ.

ಆಮೇಲೆ ಬಂದ ಕೆಲವರು ಈ ದಾರಿಯಲ್ಲಿ ತೀರಾ ದೂರ ಹೋದರು. ಹಾಡಿನ ಒಂದೊಂದು ವಸ್ತುವಿಗೂ ಒಂದೊಂದು ಅರ್ಥ ಅಂಟಿಸಿದರು. ಎರಡು ಸ್ತನಗಳು ಅಂದರೆ ಹಳೇ ಮತ್ತು ಹೊಸ ಒಡಂಬಡಿಕೆ ಅಂತ ಬರೆದವರಿದ್ದಾರೆ. ಯೆಹೂದಿ ವ್ಯಾಖ್ಯಾನದಲ್ಲಿ ಅವು ಮೋಶೆ ಮತ್ತು ಆರೋನ. ಹೀಗೆ ಓದಿದರೆ ಹಾಡು ಬೀಗ ಹಾಕಿದ ಪೆಟ್ಟಿಗೆಯಾಗುತ್ತದೆ. ಕೀಲಿ ಸಿಕ್ಕಿದ ಮೇಲೆ ಪೆಟ್ಟಿಗೆ ಯಾರಿಗೂ ಬೇಡ. ನನ್ನ ಅಭಿಪ್ರಾಯದಲ್ಲಿ ಇದು ಹಾಡಿಗೂ ಅನ್ಯಾಯ, ದೇವರ ಪ್ರೀತಿಗೂ ಅನ್ಯಾಯ. ಮನುಷ್ಯರ ಪ್ರೀತಿ ನಿಜವಾಗಿರುವುದರಿಂದಲೇ ಈ ಹೋಲಿಕೆಗೆ ಜೀವ ಬರುತ್ತದೆ. ಒಬ್ಬರಿಗಾಗಿ ಕಾದು ನಿದ್ದೆಗೆಟ್ಟ ರಾತ್ರಿ ಗೊತ್ತಿಲ್ಲದವರಿಗೆ 'ದೇವರು ನಿನಗಾಗಿ ಕಾಯುತ್ತಿದ್ದಾನೆ' ಎಂಬ ಮಾತು ಹೇಗೆ ಮುಟ್ಟಬೇಕು? ಮೊದಲು ಹಾಡನ್ನು ಹಾಡಾಗಿ ಕೇಳಬೇಕು. ಆ ಹುಡುಗಿ ಬಿಸಿಲಲ್ಲಿ ಕಪ್ಪಾಗಿದ್ದಾಳೆ. ಅಣ್ಣಂದಿರು ಸಿಟ್ಟಾಗಿ ಅವಳನ್ನು ದ್ರಾಕ್ಷಿತೋಟ ಕಾಯಲು ಹಾಕಿದ್ದಾರೆ. ನನ್ನ ಸ್ವಂತ ತೋಟವನ್ನೇ ಕಾದುಕೊಳ್ಳಲಿಲ್ಲ ಅಂತಾಳೆ. ಹಾಗಿದ್ದರೂ ನಾನು ಚೆಲುವೆ ಅಂತ ತಲೆಯೆತ್ತಿ ಹೇಳುತ್ತಾಳೆ. ಅವಳು ನಿಜವಾದ ಹುಡುಗಿಯಾಗಿ ಕಣ್ಣ ಮುಂದೆ ನಿಂತ ಮೇಲಷ್ಟೇ ಅವಳಲ್ಲಿ ನಮ್ಮನ್ನು ನೋಡಿಕೊಳ್ಳಲು ಆಗುವುದು.

ಬರ್ನಾರ್ಡ್ ಬಗ್ಗೆ ಹೇಳದೆ ಮುಂದೆ ಹೋಗಲಾರೆ. ಫ್ರಾನ್ಸಿನ ಕ್ಲೇರ್ವೋ ಮಠದ ಮುಖ್ಯಸ್ಥನಾಗಿದ್ದ ಈತ 1135ರಲ್ಲಿ ತನ್ನ ಮಠದ ಸನ್ಯಾಸಿಗಳಿಗೆ ಪರಮಗೀತೆಯ ಮೇಲೆ ಪ್ರಸಂಗ, ಅಂದರೆ ಉಪದೇಶ, ಶುರುಮಾಡಿದ. 1153ರಲ್ಲಿ ತೀರಿಹೋದ. ಹದಿನೆಂಟು ವರ್ಷ, 86 ಪ್ರಸಂಗ. ಆದರೂ ಮೂರನೇ ಅಧ್ಯಾಯದ ಮೊದಲ ವಚನದ ಹತ್ತಿರಕ್ಕಷ್ಟೇ ಬಂದಿದ್ದ! ಅವನ 26ನೇ ಪ್ರಸಂಗದಲ್ಲಿ ಮರೆಯಲಾಗದ ಘಟನೆಯೊಂದಿದೆ. ಆ ದಿನ ಹಾಡಿನ ಹುಡುಗಿ ತನ್ನ ಬಗ್ಗೆ ಹೇಳುವ 'ಕೇದಾರಿನ ಗುಡಾರಗಳಂತೆ ಕಪ್ಪು' ಎಂಬ ಮಾತನ್ನು ವಿವರಿಸುತ್ತಿದ್ದ. ಅವನ ಸ್ವಂತ ಸಹೋದರ, ಅದೇ ಮಠದಲ್ಲಿದ್ದ ಗೆರಾರ್ಡ್, ಆಗಷ್ಟೇ ತೀರಿಕೊಂಡಿದ್ದ. ಮಣ್ಣು ಮಾಡುವಾಗ ಕಣ್ಣೀರು ತಡೆದುಕೊಂಡಿದ್ದ ಬರ್ನಾರ್ಡ್ ಪ್ರಸಂಗದ ಮಧ್ಯದಲ್ಲಿ ಕುಸಿದ. ವಿವರಣೆ ಅಲ್ಲಿಗೇ ನಿಂತಿತು. ಉಳಿದದ್ದೆಲ್ಲ ಒಡಹುಟ್ಟಿದವನಿಗಾಗಿ ಅತ್ತ ಅಳು. ಮನುಷ್ಯರ ಪ್ರೀತಿಯನ್ನು ಪಕ್ಕಕ್ಕಿಟ್ಟು ದೇವರ ಪ್ರೀತಿಯನ್ನು ವಿವರಿಸಲು ಅವನಿಗೂ ಆಗಲಿಲ್ಲ.

ಬರ್ನಾರ್ಡ್ ಇನ್ನೊಂದು ಮಾತು ಹೇಳುತ್ತಾನೆ. ನಮ್ಮಲ್ಲಿ ಯಾರೂ 'ನಾನೊಬ್ಬನೇ ದೇವರ ಮದುಮಗಳು' ಅನ್ನುವ ಧೈರ್ಯ ಮಾಡುವುದಿಲ್ಲ, ಸಭೆ ಮದುಮಗಳು, ಅದರಲ್ಲಿ ಸೇರಿದವರಾಗಿ ನಮಗೂ ಅದರಲ್ಲಿ ಪಾಲಿದೆ ಎಂದು. ಈಗಿನ ಕೆಲವು ಆರಾಧನಾ ಗೀತೆ ಕೇಳುವಾಗ ನನಗೆ ಇದು ನೆನಪಾಗುತ್ತದೆ. 'ನಾನು, ನೀನು, ಇಬ್ಬರೇ' ಎಂಬ ಧಾಟಿ ಜಾಸ್ತಿಯಾಗಿದೆ. ಪೌಲ ಕೊರಿಂಥದವರಿಗೆ 'ನಿಮ್ಮನ್ನು ಒಬ್ಬನೇ ಗಂಡನಿಗೆ ನಿಶ್ಚಯ ಮಾಡಿದ್ದೇನೆ' ಎಂದು ಬರೆದದ್ದು ಜಗಳವಾಡಿಕೊಂಡಿದ್ದ ಒಂದು ಇಡೀ ಸಭೆಗೆ. ಪಕ್ಕದ ಬೆಂಚಿನಲ್ಲಿ ಕೂತವರು, ನನಗೆ ಆಗದವರು, ಅವರೂ ಆ ಮದುಮಗಳಲ್ಲಿ ಸೇರಿದ್ದಾರೆ.

ಈಗ ಆ ಬಾಗಿಲಿಗೆ ವಾಪಸ್ಸು ಬರೋಣ.

ಪ್ರೀತಿಯ ಹಾಡು ಅಂದರೆ ಬರೀ ಸುಖ ಅಂದುಕೊಳ್ಳುತ್ತೇವೆ. ಪರಮಗೀತೆಯಲ್ಲಿ ಎರಡು ಸಲ ಅವನು ಕಾಣೆಯಾಗುತ್ತಾನೆ, ಎರಡು ಸಲ ಅವಳು ರಾತ್ರಿ ಬೀದಿಗಳಲ್ಲಿ ಹುಡುಕುತ್ತಾಳೆ. ಈ ಪುಸ್ತಕವನ್ನು ಆಳವಾಗಿ ಪ್ರೀತಿಸಿದವರೆಲ್ಲ ಇಲ್ಲೇ ನಿಂತಿದ್ದಾರೆ. ಮದಲಿಂಗ ಹತ್ತಿರ ಬಂದದ್ದು ಎಷ್ಟೋ ಸಲ ಅನುಭವವಾಯಿತು, ಆಮೇಲೆ ಇದ್ದಕ್ಕಿದ್ದಂತೆ ಹೊರಟುಹೋದ, ಹುಡುಕಿದರೂ ಸಿಗಲಿಲ್ಲ ಎಂದು ಒರಿಗೆನ್ ದೇವರನ್ನೇ ಸಾಕ್ಷಿಯಿಟ್ಟು ಹೇಳುತ್ತಾನೆ. ಆತ ಬಂದದ್ದೂ ಗೊತ್ತಾಗಲಿಲ್ಲ, ಹೋದದ್ದೂ ಗೊತ್ತಾಗಲಿಲ್ಲ, ಹೃದಯ ಮಿಡಿದದ್ದರಿಂದ ಮಾತ್ರ ಇದ್ದಾನೆಂದು ತಿಳಿಯಿತು ಎಂದು ಬರ್ನಾರ್ಡ್ ಬರೆದ. ಸ್ಪೇನಿನ ಸನ್ಯಾಸಿ, ಕವಿ ಶಿಲುಬೆಯ ಯೋಹಾನನನ್ನು 1577ರ ಡಿಸೆಂಬರಿನಲ್ಲಿ ಅವನ ಸನ್ಯಾಸಿ ಸಂಘದವರೇ ಹಿಡಿದು ಟೊಲೆಡೊದ ಕತ್ತಲ ಕೋಣೆಯಲ್ಲಿ ಕೂಡಿಹಾಕಿದರು. ಮುಂದಿನ ಆಗಸ್ಟಿನಲ್ಲಿ ತಪ್ಪಿಸಿಕೊಳ್ಳುವ ಹೊತ್ತಿಗೆ ಅವನ ಬಳಿ ಪರಮಗೀತೆಯ ಜಾಡಿನಲ್ಲಿ ಹುಟ್ಟಿದ ಒಂದು ದೊಡ್ಡ ಕವಿತೆಯಿತ್ತು. ಎಲ್ಲಿ ಅಡಗಿದೆ ಇನಿಯಾ ಎಂಬ ಕೂಗಿನಿಂದ ಅದು ಶುರುವಾಗುತ್ತದೆ.

ಪ್ರಾರ್ಥನೆ ಬರಡಾದ ದಿನಗಳು ನನಗೂ ಬಂದಿವೆ. ಬಾಯಿ ಮಾತಾಡುತ್ತಿತ್ತು, ಎದೆ ಖಾಲಿ. ಆಗೆಲ್ಲ ನಂಬಿಕೆ ಹೋಯಿತೇನೋ ಅನ್ನಿಸುತ್ತಿತ್ತು. ಐದನೇ ಅಧ್ಯಾಯ ಅದನ್ನು ಬೇರೆ ಥರ ತೋರಿಸಿತು. ಪ್ರೀತಿ ಇಲ್ಲದವರು ರಾತ್ರಿ ಎದ್ದು ಹುಡುಕುವುದಿಲ್ಲ.

ಆ ಅಧ್ಯಾಯದ ಹೆಜ್ಜೆಗಳನ್ನು ನಿಧಾನವಾಗಿ ನೋಡಿ. ಅವಳು ಹೊರಗೆ ಓಡುತ್ತಾಳೆ. ಕಾವಲುಗಾರರು ಹೊಡೆಯುತ್ತಾರೆ, ಮೇಲುಹೊದಿಕೆ ಕಿತ್ತುಕೊಳ್ಳುತ್ತಾರೆ. (ಇದು ದೇವರು ಕೊಟ್ಟ ಶಿಕ್ಷೆ ಅಂತ ಪ್ರಸಂಗ ಮಾಡುವವರಿದ್ದಾರೆ. ಹಾಡು ಹಾಗೆ ಹೇಳುವುದಿಲ್ಲ.) ಅವಳು ಯೆರೂಸಲೇಮಿನ ಹೆಣ್ಣುಮಕ್ಕಳನ್ನು ಬೇಡಿಕೊಳ್ಳುತ್ತಾಳೆ: ಅವನು ಸಿಕ್ಕರೆ ಹೇಳಿ, ನಾನು ಪ್ರೀತಿಯಿಂದ ಕಾಯಿಲೆ ಬಿದ್ದಿದ್ದೇನೆ. ಅವರು ಕೇಳುತ್ತಾರೆ: ಬೇರೆಯವರಿಗಿಂತ ಅವನಲ್ಲಿ ಏನಮ್ಮ ಹೆಚ್ಚು? ಆಗ ಅವಳು ಬಾಯ್ತುಂಬ ವರ್ಣಿಸುತ್ತಾಳೆ. ತಲೆ, ಕಣ್ಣು, ಕೆನ್ನೆ, ಕೈ, ಕಾಲು. ಕೊನೆಗೆ 'ಇವನೇ ನನ್ನ ಇನಿಯ, ಇವನೇ ನನ್ನ ಗೆಳೆಯ' ಅನ್ನುತ್ತಾಳೆ. ಅವರು ಮತ್ತೆ ಕೇಳುತ್ತಾರೆ: ಸರಿ, ಎಲ್ಲಿಗೆ ಹೋದ? ನಾವೂ ಹುಡುಕುತ್ತೇವೆ.

ಈಗ ಅವಳಿಗೆ ಉತ್ತರ ಗೊತ್ತಿದೆ. 'ಅವನು ತನ್ನ ತೋಟಕ್ಕೆ ಹೋಗಿದ್ದಾನೆ.' ಸ್ವಲ್ಪ ಹೊತ್ತಿನ ಹಿಂದೆ ಬೀದಿ ಬೀದಿ ಅಲೆದವಳಿಗೆ ಅದು ಯಾವಾಗ ತಿಳಿಯಿತು? ನಡುವೆ ನಡೆದದ್ದು ಒಂದೇ. ಅವನು ಎಂಥವನು ಎಂದು ಬೇರೆಯವರಿಗೆ ಹೇಳಿದಳು. ಹೇಳುತ್ತಾ ಹೇಳುತ್ತಾ ಅವಳಿಗೇ ನೆನಪಾಯಿತು. ದೇವರ ಸುಳಿವಿಲ್ಲದ ದಿನಗಳಲ್ಲಿ ಸಭೆ ಯಾಕೆ ಕೀರ್ತನೆ ಹಾಡುತ್ತಲೇ ಇರುತ್ತದೆ ಅಂತ ನನಗೆ ತಿಳಿದದ್ದು ಇಲ್ಲಿ.

ಆಮೇಲೆ ಅವನು ಮಾತಾಡುತ್ತಾನೆ, ಆರನೇ ಅಧ್ಯಾಯದಲ್ಲಿ. ಯಾಕೆ ಬಾಗಿಲು ತೆಗೆಯಲಿಲ್ಲ ಅಂತ ಕೇಳುತ್ತಾನೆ ಅಂದುಕೊಳ್ಳುತ್ತೇವೆ. ಕೇಳುವುದಿಲ್ಲ. ಮೊದಲ ಮಾತೇ 'ನೀನು ಎಷ್ಟು ಚೆಲುವೆ'. ನಿನ್ನ ಕೂದಲು ಗುಡ್ಡದಿಂದ ಇಳಿಯುವ ಆಡಿನ ಮಂದೆ, ಹಲ್ಲು ಮಿಂದು ಬಂದ ಕುರಿಗಳು, ಕೆನ್ನೆ ದಾಳಿಂಬೆಯ ಹೋಳು. ಈ ಮಾತುಗಳನ್ನು ನಾವು ಮೊದಲೇ ಕೇಳಿದ್ದೇವೆ. ನಾಲ್ಕನೇ ಅಧ್ಯಾಯದಲ್ಲಿ, ಅವಳು ಬಾಗಿಲು ತೆಗೆಯದ ಆ ರಾತ್ರಿಗಿಂತ ಮುಂಚೆ, ಅವನು ಹೆಚ್ಚುಕಮ್ಮಿ ಇದೇ ಮಾತು ಹೇಳಿದ್ದ. ತಪ್ಪಿನ ಮುಂಚೆ ಆಡಿದ ಹೊಗಳಿಕೆಯನ್ನೇ ತಪ್ಪಿನ ನಂತರವೂ ಆಡುತ್ತಾನೆ. ಕೃಪೆ ಎಂಬ ಪದ ಪರಮಗೀತೆಯಲ್ಲಿ ಹುಡುಕಬೇಕಿಲ್ಲ. ಅದು ಇಲ್ಲಿ ನಡೆದುಹೋಗಿದೆ.

ಇದೆಲ್ಲ ಅವಳನ್ನು ಬದಲಾಯಿಸಿತೇ? ಮೂರು ಸಾಲುಗಳನ್ನು ಪಕ್ಕಪಕ್ಕ ಇಟ್ಟು ನೋಡಿ. ಎರಡನೇ ಅಧ್ಯಾಯದಲ್ಲಿ ಅವಳು 'ಇನಿಯ ನನ್ನವನು, ನಾನು ಅವನವಳು' ಅನ್ನುತ್ತಾಳೆ. ಮೊದಲು 'ನನ್ನವನು'. ಆರನೇ ಅಧ್ಯಾಯದಲ್ಲಿ, ಹುಡುಕಾಟದ ನಂತರ, ಕ್ರಮ ತಿರುಗಿದೆ: 'ನಾನು ಇನಿಯನವಳು, ಇನಿಯ ನನ್ನವನು.' ಏಳನೇ ಅಧ್ಯಾಯದಲ್ಲಿ 'ನನ್ನವನು' ಎಂಬ ಮಾತೇ ಬಿದ್ದುಹೋಗಿದೆ: 'ನಾನು ಇನಿಯನವಳು, ಅವನ ಬಯಕೆ ನನ್ನ ಕಡೆಗಿದೆ.' ಹಿಡಿದುಕೊಂಡದ್ದು ಕಮ್ಮಿಯಾಗಿ ನಂಬಿದ್ದು ಜಾಸ್ತಿಯಾಗಿದೆ.

ಆ ಕೊನೆಯ ಸಾಲಿನ 'ಬಯಕೆ'ಗೆ ಹೀಬ್ರೂ ಭಾಷೆಯಲ್ಲಿ 'ತೆಶೂಕಾ' ಎಂಬ ಪದವಿದೆ. ಇಡೀ ಹಳೇ ಒಡಂಬಡಿಕೆಯಲ್ಲಿ ಅದು ಬರುವುದು ಮೂರೇ ಕಡೆ. ಒಂದು ಆದಿಕಾಂಡದ ಮೂರನೇ ಅಧ್ಯಾಯ. ಏದೆನ್ ತೋಟದಲ್ಲಿ ತಪ್ಪು ನಡೆದ ಮೇಲೆ ಹವ್ವಳಿಗೆ ಹೇಳಿದ ಮಾತು: ನಿನ್ನ ಬಯಕೆ ಗಂಡನ ಕಡೆಗೆ, ಅವನು ನಿನ್ನನ್ನು ಆಳುತ್ತಾನೆ. ಇನ್ನೊಂದು ಮುಂದಿನ ಅಧ್ಯಾಯದಲ್ಲಿ, ಕಾಯಿನನನ್ನು ಹಿಡಿಯಲು ಕಾದಿದ್ದ ಪಾಪದ ಬಯಕೆ. ಮೂರನೆಯದು ಇಲ್ಲಿ. ಮತ್ತೆ ಒಂದು ತೋಟ, ಮತ್ತೆ ಒಂದು ಗಂಡು ಹೆಣ್ಣು. ಈಗ ಬಯಕೆ ಅವನದು. ಆಳುವ ಮಾತಿಲ್ಲ.

ಪುನರುತ್ಥಾನದ ಬೆಳಗ್ಗೆಯೂ ತೋಟವೊಂದಿದೆ. ಯೋಹಾನನ ಸುವಾರ್ತೆಯಲ್ಲಿ ಮಗ್ದಲದ ಮರಿಯಳು ಇನ್ನೂ ಕತ್ತಲಿರುವಾಗಲೇ ಬಂದು ಅಳುತ್ತಾ ಹುಡುಕುತ್ತಾಳೆ. ಎದುರಿಗಿದ್ದವನನ್ನು ತೋಟಗಾರ ಅಂದುಕೊಳ್ಳುತ್ತಾಳೆ. ಅವನು ಹೆಸರು ಹಿಡಿದು ಕರೆದ ಮೇಲೆ ಗುರುತಾಗುತ್ತದೆ. ಹುಡುಕಿದೆ, ಸಿಗಲಿಲ್ಲ, ಕೊನೆಗೆ ಸಿಕ್ಕ ಎಂಬ ಪರಮಗೀತೆಯ ಮೂರನೇ ಅಧ್ಯಾಯದ ಸಾಲುಗಳನ್ನು ಹಳಬರು ಈ ಕಥೆಯ ಜೊತೆಗಿಟ್ಟು ಓದಿದರು. ಕಥೋಲಿಕ ಸಭೆಯಲ್ಲಿ ಜುಲೈ 22ರಂದು, ಮರಿಯಳ ಹಬ್ಬದ ದಿನ, ಇವತ್ತಿಗೂ ಆ ಸಾಲುಗಳನ್ನು ಓದುತ್ತಾರೆ.

ಪರಮಗೀತೆ ಮದುವೆಯ ಊಟದಲ್ಲಿ ಮುಗಿಯುವುದಿಲ್ಲ. ಕೊನೆಯ ಎರಡು ವಚನಗಳಲ್ಲಿ ಇಬ್ಬರೂ ಇನ್ನೂ ದೂರದಲ್ಲೇ ಇದ್ದಾರೆ. ಅವನು ಹೇಳುತ್ತಾನೆ: ತೋಟದಲ್ಲಿರುವವಳೇ, ಗೆಳೆಯರೆಲ್ಲ ನಿನ್ನ ದನಿಗೆ ಕಿವಿಗೊಟ್ಟಿದ್ದಾರೆ, ನನಗೂ ಕೇಳಿಸು. ಅವಳು ಕೂಗುತ್ತಾಳೆ: ಬೇಗ, ಇನಿಯಾ, ಬೆಟ್ಟದ ಮೇಲಿನ ಜಿಂಕೆಯ ಹಾಗೆ. ಹಾಡು ಅಲ್ಲಿಗೆ ನಿಲ್ಲುತ್ತದೆ. ಬೈಬಲಿನ ಕೊನೆಯ ಪುಟದಲ್ಲಿ ಮದಲಗಿತ್ತಿ ಇನ್ನೂ ಅದನ್ನೇ ಕೂಗುತ್ತಿದ್ದಾಳೆ: ಬಾ.